ಹೆಡ್ ಬಿಚ್ಚುವ ಮೊದಲು: ನನ್ನ ಕಾರು ಹೀಟ್ ಆದ ಕಥೆ

ಒಂಬತ್ತು ವಾರ. ಮೂರು ಗ್ಯಾರೇಜು. ಬೇಕಿಲ್ಲದೆ ಬದಲಾಯಿಸಿದ ಒಂದು ಥರ್ಮೋಸ್ಟಾಟ್, ಇನ್ನೇನು ಬಿಚ್ಚೇಬಿಡುತ್ತಿದ್ದರು ಅನ್ನುವ ಹಂತಕ್ಕೆ ಹೋಗಿದ್ದ ಎಂಜಿನ್ ಹೆಡ್, ಅಂದರೆ ಎಂಜಿನ್ನಿನ ಮೇಲ್ಭಾಗ. ಕೊನೆಗೆ ಕೆಟ್ಟಿದ್ದದ್ದು ಎರಡೇ ಎರಡು ಸಾಮಾನು, ಎರಡೂ ಸೇರಿ ಅಂಗೈಯಲ್ಲಿ ಹಿಡಿಯುತ್ತವೆ. ನಿಮ್ಮ ಕಾರಿನಲ್ಲೂ ಮುಳ್ಳು ಮೇಲೇರುತ್ತಿದ್ದರೆ ಪೂರ್ತಿ ಓದಿ. ನಿಮ್ಮದು ಬೇರೆಯೇ ಕಾರಣ ಇರಬಹುದು, ಆದರೆ ನಾನು ಸುತ್ತಿದ ದಾರಿಯನ್ನು ನೀವೂ ಸುತ್ತಬೇಕಾಗಿಲ್ಲ.

ಶುರುವಾಗಿದ್ದು ಒಂದು ಸಂಜೆ, ಟ್ರಾಫಿಕ್ಕಿನಲ್ಲಿ. ಎಸಿ ಹಾಕಿಕೊಂಡು ಆಮೆ ಥರ ತೆವಳುತ್ತಿದ್ದೆ. ಎಂದೂ ಅರ್ಧ ದಾಟದ ಟೆಂಪರೇಚರ್ ಮುಳ್ಳು ಮುಕ್ಕಾಲಿಗೆ ಬಂದಿತ್ತು. ಮುಂದಿನ ಸಿಗ್ನಲ್ ದಾಟಿದ ಮೇಲೆ ನೋಡೋಣ ಅಂದುಕೊಂಡೆ. ಇದೇ ಮೊದಲ ತಪ್ಪು. ಸಿಗ್ನಲ್ ದಾಟುವಷ್ಟರಲ್ಲಿ ಮುಳ್ಳು ಕೆಂಪಿಗೆ ತಾಗಿ, ಬಾನೆಟ್ ಸಂದಿಯಿಂದ ಹಬೆ ಎದ್ದಿತು. ಸಿಹಿ ಸಿಹಿ ಒಂದು ವಾಸನೆ ಬೇರೆ. ಕೂಲೆಂಟ್, ಅಂದರೆ ಎಂಜಿನ್ನನ್ನು ತಣ್ಣಗಿಡಲು ನೀರಿಗೆ ಬೆರೆಸುವ ದ್ರವ, ಸುಟ್ಟರೆ ಹಾಗೇ ವಾಸನೆ ಬರುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ, ಬಾನೆಟ್ ಎತ್ತಿದೆ, ಕರ್ಚೀಫು ಸುತ್ತಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. ಹಿಂದೆ ನಿಂತಿದ್ದ ವಯಸ್ಸಾದ ಡ್ರೈವರ್ ಒಬ್ಬರು ಓಡಿ ಬಂದು ಕೈ ಹಿಡಿದುಕೊಂಡರು. "ಸಾರ್, ಮುಟ್ಬೇಡಿ, ಮುಖ ಸುಟ್ಟುಹೋಗುತ್ತೆ." ಅವರು ಹೇಳಿದ್ದು ಹೆದರಿಸುವ ಮಾತಲ್ಲ. ಒಳಗಿನ ನೀರು 100 ಡಿಗ್ರಿಗಿಂತ ಜಾಸ್ತಿ ಬಿಸಿ ಇದ್ದರೂ ಒತ್ತಡದಿಂದಾಗಿ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲ ಆದ ಕ್ಷಣ ಒತ್ತಡ ಹೋಗಿ ಒಮ್ಮೆಲೇ ಕುದಿದು ಹಬೆಯ ಜೊತೆ ಚಿಮ್ಮುತ್ತದೆ. ಬಿಸಿ ಎಂಜಿನ್ನಿನ ಮೇಲೆ ತಣ್ಣೀರು ಸುರಿಯುವುದೂ ಬೇಡ, ಲೋಹ ಬಿರುಕು ಬಿಡಬಹುದು. ಸುಮ್ನೆ ಕಾಯಬೇಕು, ಅಷ್ಟೆ. ಕಡಿಮೆ ಅಂದರೂ ಮುಕ್ಕಾಲು ಗಂಟೆ. ರೇಡಿಯೇಟರಿನ ಮೇಲಿನ ಹೋಸನ್ನು ಬಟ್ಟೆ ಇಟ್ಟು ಅದುಮಿದರೆ ಅದು ಮೆತ್ತಗಾಗಿರಬೇಕು.

ಮುಳ್ಳು ಏರುತ್ತಿರುವುದು ಮುಂಚೆಯೇ ಕಂಡರೆ ಇನ್ನೊಂದು ಉಪಾಯ ಇದೆ. ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್ ತಾನೇ, ಎಂಜಿನ್ನಿನ ಬಿಸಿಯನ್ನು ಕಾರಿನೊಳಗೆ ಎಳೆದುಕೊಳ್ಳುತ್ತದೆ. ನೀವು ಬೆವರುತ್ತೀರಿ, ಎಂಜಿನ್ ಉಳಿಯುತ್ತದೆ. ಒಂದೆರಡು ನಿಮಿಷದಲ್ಲಿ ಮುಳ್ಳು ಇಳಿಯದಿದ್ದರೆ ನಿಲ್ಲಿಸಿಬಿಡಿ. ಆಗ ಹೀಟರಿನಿಂದ ತಣ್ಣಗಿನ ಗಾಳಿ ಬಂದರಂತೂ ಒಂದು ಕ್ಷಣವೂ ಓಡಿಸಬೇಡಿ, ಒಳಗೆ ನೀರೇ ಓಡುತ್ತಿಲ್ಲ ಅಂತ ಅರ್ಥ.

ಒಂದು ಗಂಟೆ ಆದ ಮೇಲೆ ಆ ಡ್ರೈವರೇ ಮುಚ್ಚಳ ತೆಗೆದರು. ಇಲ್ಲಿ ಒಂದು ವಿಚಿತ್ರ. ಪಕ್ಕದ ಪ್ಲಾಸ್ಟಿಕ್ ಕೂಲೆಂಟ್ ಡಬ್ಬಿ ತುಂಬಿ ತುಳುಕುತ್ತಿತ್ತು. ಆದರೆ ರೇಡಿಯೇಟರಿನೊಳಗೆ ನೀರು ಕಾಣಿಸಲೇ ಇಲ್ಲ. "ಡಬ್ಬೀಲಿ ಇದೆ, ಒಳಗಿಲ್ಲ, ಇದೇನಿದು" ಅಂತ ಅವರೂ ತಲೆ ಕೆರೆದುಕೊಂಡರು. ಉತ್ತರ ಅಲ್ಲೇ ಬಿದ್ದಿತ್ತು, ನಮ್ಮಿಬ್ಬರ ಕಣ್ಣ ಮುಂದೆ. ಅದು ಅರ್ಥವಾಗುವುದಕ್ಕೆ ನನಗೆ ಎಂಟು ವಾರ ಹಿಡಿಯಿತು. ಆ ದಿನ ಕಾರಿನಲ್ಲಿದ್ದ ಕುಡಿಯುವ ನೀರಿನ ಬಾಟಲಿಗಳನ್ನೆಲ್ಲ ಸುರಿದೆ, ಹತ್ತಿರ ಹತ್ತಿರ ಎರಡು ಲೀಟರ್. ನಿಧಾನವಾಗಿ ಮನೆ ಸೇರಿದೆ.

ಮಾರನೇ ದಿನ ಮೊದಲ ಗ್ಯಾರೇಜ್. "ಹೀಟ್ ಆಗ್ತಿದೆ" ಅಂದೆ. "ಥರ್ಮೋಸ್ಟಾಟ್ ಸಾರ್" ಅಂದರು. ಬಾನೆಟ್ ಕೂಡ ಎತ್ತಿರಲಿಲ್ಲ. ಅವರ ಅಂದಾಜು ಪೂರಾ ಹುಚ್ಚೇನಲ್ಲ. ಥರ್ಮೋಸ್ಟಾಟ್ ಅಂದರೆ ಎಂಜಿನ್ ಮತ್ತು ರೇಡಿಯೇಟರ್ ನಡುವಿನ ಬಾಗಿಲು. ಒಳಗಿನ ಮೇಣ ಬಿಸಿಗೆ ಹಿಗ್ಗಿದಾಗ ಬಾಗಿಲು ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಅದು ಮುಚ್ಚಿಕೊಂಡೇ ಸಿಕ್ಕಿಬಿದ್ದರೆ ಎಂಜಿನ್ ಕಾದು ಹೋಗುತ್ತದೆ, ನಿಜ. ಆದರೆ ಹಾಗಾದರೆ ಗಾಡಿ ನಿಂತಿರಲಿ, ಓಡುತ್ತಿರಲಿ, ಶುರು ಮಾಡಿದ ಕೆಲವೇ ನಿಮಿಷಗಳಲ್ಲಿ ಮುಳ್ಳು ಏರಬೇಕು. ನನ್ನದು ಒಂದು ಗಂಟೆ ಚೆನ್ನಾಗಿ ಓಡಿ, ಟ್ರಾಫಿಕ್ಕಿನಲ್ಲಿ ನಿಂತಾಗ ಏರಿತ್ತು. ಈ ವ್ಯತ್ಯಾಸವನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎರಡು ದಿನ ಇಟ್ಟುಕೊಂಡು ಬದಲಾಯಿಸಿದರು. ಬಿಲ್ಲಿನಲ್ಲಿ "ಥರ್ಮೋಸ್ಟಾಟ್, ಕೂಲೆಂಟ್, ಲೇಬರ್" ಅಂತ ಮೂರೇ ಸಾಲು. ಯಾವ ಕೂಲೆಂಟ್, ಎಷ್ಟು ಹಾಕಿದರು, ನೀರು ಎಷ್ಟು ಬೆರೆಸಿದರು, ಒಂದೂ ಇಲ್ಲ. ಇದು ಮುಂದೆ ತುಂಬಾ ಕಾಡಿತು. ನೀವು ಬಿಲ್ಲಿನಲ್ಲಿ ಇಷ್ಟನ್ನು ಬರೆಸಿಕೊಳ್ಳಿ, ಮತ್ತೆ ಹಳೇ ಸಾಮಾನನ್ನು ಕೇಳಿ ವಾಪಸ್ ತೆಗೆದುಕೊಳ್ಳಿ. ನಾನು ಹಳೇ ಥರ್ಮೋಸ್ಟಾಟ್ ತಂದು ಡಿಕ್ಕಿಯಲ್ಲಿ ಹಾಕಿಕೊಂಡಿದ್ದೆ. ಇಡೀ ಪ್ರಕರಣದಲ್ಲಿ ಮೊದಲ ತಿಂಗಳು ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅದು.

ಹತ್ತು ದಿನ ಕಾರು ಹೂವಿನ ಹಾಗೆ ಓಡಿತು. ಸರಿ ಆಯಿತು ಅಂದುಕೊಂಡೆ. ಈಗ ಗೊತ್ತಿರುವ ಸತ್ಯ ಏನೆಂದರೆ, ಸರಿ ಮಾಡಿದ್ದು ಹೊಸ ಥರ್ಮೋಸ್ಟಾಟ್ ಅಲ್ಲ, ಅದನ್ನು ಹಾಕುವಾಗ ಪೂರ್ತಿ ತುಂಬಿಸಿದ ಕೂಲೆಂಟ್. ನೀರು ಭರ್ತಿ ಇದ್ದರೆ ರೋಗ ಇರುವ ಗಾಡಿಯೂ ಸ್ವಲ್ಪ ದಿನ ತಡೆದುಕೊಳ್ಳುತ್ತದೆ. ಆಮೇಲೆ ಮತ್ತೆ ಸಿಗ್ನಲ್ಲಿನಲ್ಲಿ ಮುಳ್ಳು ಒಂದು ಚೂರು ಏರುವುದು, ಗಾಡಿ ಓಡಿದ ಕೂಡಲೇ ಇಳಿಯುವುದು ಶುರುವಾಯಿತು. ಎರಡು ಸಲ ರೇಡಿಯೇಟರ್ ಮುಚ್ಚಳ ತೆಗೆದು ನೋಡಿದಾಗ ನೀರು ಕಡಿಮೆ ಇತ್ತು, ಎರಡು ಸಲವೂ ನಲ್ಲಿ ನೀರು ಸುರಿದೆ. ಕಾರಿನ ಕೆಳಗೆ ಒಂದು ಹನಿ ಕಲೆ ಇರಲಿಲ್ಲ.

ನಾಲ್ಕನೇ ವಾರ ನಾಲ್ಕು ಜನ, ಸಾಮಾನು, ಉದ್ದದ ಏರುದಾರಿ, ಎಸಿ. ಅರ್ಧ ದಾರಿಯಲ್ಲಿ ಕೆಂಪು ದೀಪ. ಈ ಸಲ ಟೋಯಿಂಗ್ ಗಾಡಿ ಬಂತು. ಅದರ ಹಿಂದೆ ನೇತಾಡುತ್ತಾ ಹೋಗುತ್ತಿದ್ದ ನನ್ನ ಕಾರನ್ನು ನೋಡಿ ಹೊಟ್ಟೆ ಹಿಂಡಿದ ಹಾಗಾಯಿತು. ಒಂದು ಯಂತ್ರಕ್ಕೆ ಇಷ್ಟೊಂದು ಯಾಕೆ ಅಂತ ನಗಬೇಡಿ, ನಿಮಗೂ ಆದಾಗ ಗೊತ್ತಾಗುತ್ತದೆ.

ಎರಡನೇ ಗ್ಯಾರೇಜ್ ದೊಡ್ಡದು, ಶಿಸ್ತಿನದು. ಅವರು ಪ್ರೆಶರ್ ಟೆಸ್ಟ್ ಮಾಡಿದರು. ರೇಡಿಯೇಟರ್ ಬಾಯಿಗೆ ಕೈಪಂಪು ಕೂರಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟು ಒತ್ತಡ ಕೊಟ್ಟು ಹದಿನೈದು ನಿಮಿಷ ಬಿಟ್ಟರು. ಪಂಪಿನ ಒತ್ತಡದ ಮುಳ್ಳು ಕೂದಲೆಳೆಯಷ್ಟೂ ಇಳಿಯಲಿಲ್ಲ. ಎಲ್ಲೂ ಸೋರುತ್ತಿಲ್ಲ. ಅಲ್ಲಿನ ಮೇಸ್ತ್ರಿ ತರ್ಕ ಕೇಳಿದರೆ ಎಂಥವರೂ ಒಪ್ಪಬೇಕು: "ನೀರು ಕಮ್ಮಿ ಆಗ್ತಿದೆ. ಹೊರಗೆ ಲೀಕ್ ಇಲ್ಲ. ಅಂದ್ರೆ ಒಳಗೇ ಹೋಗ್ತಿದೆ. ಹೆಡ್ ಗ್ಯಾಸ್ಕೆಟ್ ಸಾರ್." ಹೆಡ್ ಮತ್ತು ಅದರ ಕೆಳಗಿನ ಎಂಜಿನ್ ಬ್ಲಾಕ್ ನಡುವೆ ಕೂಲೆಂಟ್, ಆಯಿಲ್, ಸುಟ್ಟ ಗಾಳಿ ಒಂದಕ್ಕೊಂದು ಸೇರದ ಹಾಗೆ ತಡೆಯುವ ತೆಳು ಹಾಳೆ ಅದು. ಹೆಡ್ ಬಿಚ್ಚಿ, ಬಾಗಿದೆಯಾ ಅಂತ ಅಳೆದು, ಬೇಕಿದ್ದರೆ ಸಾಣೆ ಹಿಡಿಸಿ ತರಬೇಕು, ಎರಡು ವಾರ ಆಗುತ್ತದೆ ಅಂದರು. ಎಸ್ಟಿಮೇಟ್ ನನ್ನ ಮೊದಲ ಬಿಲ್ಲಿನ ಹದಿನೈದು ಪಟ್ಟು ಇತ್ತು. ಕಾರು ಮಾರಿಬಿಡೋಣ ಅಂತ ಆ ರಾತ್ರಿ ನಿಜವಾಗಿಯೂ ಲೆಕ್ಕ ಹಾಕಿದೆ.

ಬೆಳಿಗ್ಗೆ ಸ್ವಲ್ಪ ತಲೆ ತಣ್ಣಗಾಯಿತು. ಹೆಡ್ ಗ್ಯಾಸ್ಕೆಟ್ ಹೋದರೆ ಇರಬೇಕಾದ ಲಕ್ಷಣಗಳನ್ನು ಓದಿಕೊಂಡೆ. ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಲೇ ಇರುವುದು, ಎಂಜಿನ್ ಆಯಿಲ್ ಹಾಲು ಹಾಕಿದ ಹಾಗೆ ಆಗುವುದು, ಬೆಳಗಿನ ಸ್ಟಾರ್ಟಿಂಗಿನಲ್ಲಿ ಎಂಜಿನ್ ಕುಂಟುವುದು, ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಹೋಸ್ ಕಲ್ಲಿನ ಥರ ಬಿಗಿಯಾಗುವುದು, ಕೂಲೆಂಟಿನಲ್ಲಿ ಗುಳ್ಳೆ ನಿಲ್ಲದೆ ಏಳುವುದು. ಎಲ್ಲವೂ ಒಟ್ಟಿಗೆ ಇರಬೇಕಾಗಿಲ್ಲ. ಆದರೆ ನನ್ನ ಕಾರಿನಲ್ಲಿ ಒಂದೂ ಇರಲಿಲ್ಲ. ಹೋಗಿ ಕೇಳಿದೆ, ಬಿಚ್ಚುವ ಮುಂಚೆ ಬ್ಲಾಕ್ ಟೆಸ್ಟ್ ಮಾಡ್ತೀರಾ ಅಂತ.

ಇದು ಸುಲಭದ ಪರೀಕ್ಷೆ. ರೇಡಿಯೇಟರ್ ಬಾಯಿಯಲ್ಲಿ ಒಂದು ಕೊಳವೆ ಇಡುತ್ತಾರೆ, ಅದರಲ್ಲಿ ನೀಲಿ ದ್ರವ. ಎಂಜಿನ್ ಓಡುವಾಗ ಅಲ್ಲಿಂದ ಬರುವ ಗಾಳಿಯನ್ನು ದ್ರವದ ಮೂಲಕ ಎಳೆಯುತ್ತಾರೆ. ಸಿಲಿಂಡರಿನ ಸುಟ್ಟ ಗಾಳಿ ಕೂಲೆಂಟಿಗೆ ನುಗ್ಗುತ್ತಿದ್ದರೆ ಅದರಲ್ಲಿನ ಇಂಗಾಲದ ಡೈಆಕ್ಸೈಡ್‌ನಿಂದ ನೀಲಿ ಹಳದಿಗೆ ತಿರುಗುತ್ತದೆ. ಅವರ ಹತ್ತಿರ ಕಿಟ್ ಇತ್ತು, ದ್ರವ ಮುಗಿದಿತ್ತು. ಮೂರು ದಿನ ಕಾದೆ. ಆ ಮೂರು ದಿನ ದಿನಕ್ಕೊಂದು ಫೋನ್: "ಸಾರ್, ಹೆಡ್ ಬಿಚ್ಚೋದಾ?" ಒಪ್ಪಿಗೆ ಪತ್ರದ ಮೇಲೆ "ಪರೀಕ್ಷೆಗೆ ಮಾತ್ರ, ನನ್ನನ್ನು ಕೇಳದೆ ಬಿಚ್ಚಬಾರದು" ಅಂತ ಬರೆದು ಸಹಿ ಮಾಡಿದ್ದೆ. ಅದು ಇಲ್ಲದಿದ್ದರೆ ಏನಾಗುತ್ತಿತ್ತೋ. ಕೊನೆಗೆ ಟೆಸ್ಟ್ ಆಯಿತು, ಎರಡು ಸಲ ಮಾಡಿಸಿದೆ. ನೀಲಿ ನೀಲಿಯಾಗಿಯೇ ಉಳಿಯಿತು. ಸಣ್ಣ ಲೀಕ್ ಇದ್ದರೆ, ಅದರಲ್ಲೂ ಭಾರ ಬಿದ್ದಾಗ ಮಾತ್ರ ತೆರೆದುಕೊಳ್ಳುವ ಲೀಕ್ ಆದರೆ, ಇದರಲ್ಲಿ ಗೊತ್ತಾಗದೇ ಇರಬಹುದು ಅಂತ ಮೇಸ್ತ್ರಿ ಹೇಳಿದರು. ಸುಳ್ಳಲ್ಲ. ಆದರೂ ಪರೀಕ್ಷೆಯ ದುಡ್ಡು ಕೊಟ್ಟು ಕಾರು ಮನೆಗೆ ತಂದೆ.

ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ಮೊದಲ ದಿನವೇ ಮಾಡಬೇಕಿತ್ತು. ಒಂದು ನೋಟ್‌ಬುಕ್ ತೆಗೆದುಕೊಂಡೆ, ಯಾವಾಗ ಬಿಸಿಯಾಗುತ್ತದೆ ಅಂತ ಬರೆಯತೊಡಗಿದೆ. ಎಷ್ಟು ಬಿಸಿಯಾಗುತ್ತದೆ ಅನ್ನುವುದಕ್ಕಿಂತ ಯಾವಾಗ ಅನ್ನುವುದು ಮುಖ್ಯ. ನಿಂತಾಗ ಏರಿ ಓಡಿದಾಗ ಇಳಿದರೆ ಗಾಳಿಯ ಸಮಸ್ಯೆ, ಅಂದರೆ ಫ್ಯಾನ್ ಕಡೆ ನೋಡಬೇಕು. ಓಡುವಾಗ ಗಾಳಿ ತಾನಾಗಿ ಬಡಿಯುತ್ತದೆ, ಫ್ಯಾನ್ ಬೇಕಾಗುವುದಿಲ್ಲ. ಅದೇ, ನಿಂತಾಗ ಸರಿ ಇದ್ದು ಜೋರಾಗಿ ಓಡಿದಾಗ ಏರಿದರೆ ನೀರಿನ ಸಮಸ್ಯೆ: ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ನೀರು ಸುತ್ತಿಸುವ ಪಂಪಿನ ರೆಕ್ಕೆ ಸವೆದಿರಬಹುದು, ಕೂಲೆಂಟ್ ಕಡಿಮೆ ಇರಬಹುದು. ನನ್ನದು ಎರಡೂ ಥರ ಆಡುತ್ತಿತ್ತು. ಮೊದಲು ನಿಂತಾಗ, ಆಮೇಲೆ ಏರುದಾರಿಯಲ್ಲಿ. ಎಲ್ಲರೂ ಒಂದೇ ಕಾರಣ ಹುಡುಕುತ್ತಿದ್ದುದರಿಂದ ಯಾವುದೂ ಸರಿಹೊಂದುತ್ತಿರಲಿಲ್ಲ.

ಕಾರಿನ ಕಂಪ್ಯೂಟರನ್ನು ಓದಲು ಇರುವ ಸಾಕೆಟ್ಟಿಗೆ ಚುಚ್ಚಿ ಫೋನಿನಲ್ಲಿ ನೋಡುವ ಪುಟ್ಟ ಸ್ಕ್ಯಾನರ್ ಒಂದನ್ನು ಕೊಂಡೆ. ಥರ್ಮೋಸ್ಟಾಟ್‌ಗೆ ಕೊಟ್ಟದ್ದರ ಅರ್ಧವೂ ಆಗಲಿಲ್ಲ. ಅದು ಬಂದ ಮೇಲೆಯೇ ಗೊತ್ತಾಗಿದ್ದು, ಡ್ಯಾಶ್‌ಬೋರ್ಡಿನ ಮುಳ್ಳು ಎಷ್ಟು ಸುಳ್ಳುಗಾರ ಅಂತ. 80 ಡಿಗ್ರಿ ಇದ್ದಾಗಲೂ ಅರ್ಧದಲ್ಲಿ, 103 ಇದ್ದಾಗಲೂ ಅರ್ಧದಲ್ಲಿ. ಜನ ಗಾಬರಿಯಾಗದಿರಲಿ ಅಂತ ಬಹಳಷ್ಟು ಕಾರುಗಳಲ್ಲಿ ಹೀಗೇ ಮಾಡಿರುತ್ತಾರೆ. ಮುಳ್ಳು ಅಲ್ಲಾಡುವ ಹೊತ್ತಿಗೆ ಎಂಜಿನ್ ಆಗಲೇ ಕಷ್ಟದಲ್ಲಿರುತ್ತದೆ. ಸ್ಕ್ಯಾನರಿನಲ್ಲಿ ಒಂದೇ ಒಂದು ಎರರ್ ಕೋಡ್ ಇರಲಿಲ್ಲ. ಪಿ0217 ಬಂದಿದ್ದರೆ ಎಂಜಿನ್ ಅತಿ ಬಿಸಿ ಅಂತ, ಪಿ0480 ಬಂದಿದ್ದರೆ ಫ್ಯಾನಿನ ರಿಲೇ, ಅಂದರೆ ಫ್ಯಾನಿಗೆ ಕರೆಂಟು ಬಿಡುವ ಸ್ವಿಚ್ಚಿನ ಸರ್ಕ್ಯೂಟ್ ಅಂತ. ಖಾಲಿ ಇದ್ದದ್ದಕ್ಕೆ ನಿರಾಸೆಯಾಯಿತು. ಕೋಡ್ ಇಲ್ಲ ಅಂದರೆ ತೊಂದರೆ ಇಲ್ಲ ಅಂತಲ್ಲ. ನನ್ನ ಕಾರಿನ ಕಂಪ್ಯೂಟರ್ ರಿಲೇಗೆ ಆರ್ಡರ್ ಕೊಡುತ್ತದೆ, ಫ್ಯಾನ್ ತಿರುಗಿತೋ ಇಲ್ಲವೋ ಅಂತ ಎದ್ದು ಬಂದು ನೋಡುವುದಿಲ್ಲ.

ಲೇಸರ್ ಚುಕ್ಕಿಯ ಥರ್ಮಾಮೀಟರ್ ಕೂಡ ಒಂದು ಸಾಲ ತಂದೆ. ಅದು ನನ್ನ ಒಂದು ಇಡೀ ಭಾನುವಾರ ತಿಂದಿತು. ಥರ್ಮೋಸ್ಟಾಟ್ ಇರುವ ಹೊಳೆಯುವ ಅಲ್ಯೂಮಿನಿಯಂ ಮನೆಗೆ ಹಿಡಿದರೆ 58 ತೋರಿಸುತ್ತಿತ್ತು, ಸ್ಕ್ಯಾನರ್ 91 ಅನ್ನುತ್ತಿತ್ತು. ಸೆನ್ಸರೇ ಕೆಟ್ಟಿದೆ ಅಂತ ತೀರ್ಮಾನಿಸಿ ಆರ್ಡರ್ ಹಾಕುವವನಿದ್ದೆ. ಹೊಳೆಯುವ ಲೋಹದ ಮೇಲೆ ಆ ಥರ್ಮಾಮೀಟರ್ ತಪ್ಪು ಓದುತ್ತದಂತೆ. ಅದೇ ಜಾಗಕ್ಕೆ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಹಿಡಿದೆ, 87 ಬಂತು. ರೇಡಿಯೇಟರಿನ ಮೇಲಿನ ಹೋಸ್ ಬಿಸಿ, ಕೆಳಗಿನದು ಅದಕ್ಕಿಂತ ಸ್ವಲ್ಪ ಕಡಿಮೆ ಬಿಸಿ. ಹಾಗೇ ಇರಬೇಕು. ಕೆಳಗಿನ ಹೋಸ್ ತಣ್ಣಗೇ ಉಳಿದಿದ್ದರೆ ನೀರು ಸುತ್ತುತ್ತಿಲ್ಲ ಅಂತ ಅನುಮಾನಿಸಬಹುದಿತ್ತು. ಹೊಸ ಥರ್ಮೋಸ್ಟಾಟ್ ಸರಿ, ಪಂಪ್ ಸರಿ.

ಈಗ ನನ್ನ ಹೆಂಡತಿಯ ಪಾತ್ರ. ಅಂಗಳದಲ್ಲಿ ಎಂಜಿನ್ ಆನ್ ಮಾಡಿ ಕೂತು ನಾನು ಸಂಖ್ಯೆ ಬರೆಯುತ್ತಿದ್ದೆ. ಅವಳು ಪಕ್ಕ ಬಂದು ಕೂತು, "ಏನ್ ಬರೀತೀರೋ ಏನೋ, ಈ ಕಾರಲ್ಲಿ ನಿಂತಾಗೆಲ್ಲ ಎಸಿ ಬಿಸಿಗಾಳಿ ಊದುತ್ತೆ, ಓಡಿದಾಗ ತಣ್ಣಗಾಗುತ್ತೆ, ಎರಡು ತಿಂಗಳಿಂದ ಹೇಳ್ತಾ ಇದೀನಿ" ಅಂದಳು. ಹೇಳಿದ್ದಳು, ನಿಜ. ಗ್ಯಾಸ್ ತುಂಬಿಸಬೇಕು ಅಂತ ನಾನೇ ಬಾಯಿ ಮುಚ್ಚಿಸಿದ್ದೆ. ಎಸಿಯ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರ್ ಇರುವುದು ರೇಡಿಯೇಟರಿನ ಮುಂದೆ, ಎರಡಕ್ಕೂ ಗಾಳಿ ಎಳೆಯುವುದು ಅದೇ ಫ್ಯಾನ್. ಎಸಿ ಹಾಕಿದ ಕೂಡಲೇ ಆ ಫ್ಯಾನ್ ತಿರುಗಬೇಕು, ಎಂಜಿನ್ ತಣ್ಣಗಿದ್ದರೂ ಸರಿ. ಇಳಿದು ಬಾನೆಟ್ ಎತ್ತಿ ನೋಡಿದೆ. ಎಸಿ ಆನ್. ಫ್ಯಾನ್ ನಿಂತೇ ಇದೆ.

ಕೈ ಹಾಕಲಿಲ್ಲ. ನೀವೂ ಹಾಕಬೇಡಿ, ಅದು ಯಾವಾಗ ಬೇಕಾದರೂ ತಿರುಗುತ್ತದೆ, ಕೆಲವು ಕಾರುಗಳಲ್ಲಿ ಕೀಲಿ ತೆಗೆದ ಮೇಲೂ. ಸುಮ್ನೆ ನಿಂತು ನೋಡಿದೆ. ಸ್ಕ್ಯಾನರ್ 96 ಆಯಿತು, 98 ಆಯಿತು, 101. ಫ್ಯಾನ್ ಇಲ್ಲ. 104ಕ್ಕೆ ಏಕ್‌ದಂ ವಿಮಾನ ಏಳುವ ಸದ್ದಿನಲ್ಲಿ ಫ್ಯಾನ್ ಹೊಡೆದುಕೊಂಡಿತು. 97ಕ್ಕೆ ಇಳಿಸಿ ನಿಂತಿತು. ಮತ್ತೆ 104ರ ತನಕ ಮೌನ. ಅಂದರೆ ಫ್ಯಾನ್ ಸತ್ತಿಲ್ಲ. ಅದಕ್ಕೆ ಎರಡು ಸ್ಪೀಡ್ ಇದೆ, ಅದರಲ್ಲಿ ನಿಧಾನದ ಸ್ಪೀಡ್ ಮಾತ್ರ ಸತ್ತಿದೆ. ಅದಕ್ಕೇ ಎರಡೂ ಗ್ಯಾರೇಜುಗಳಲ್ಲಿ "ಫ್ಯಾನ್ ವರ್ಕಿಂಗ್" ಅಂದಿದ್ದರು! ಅವರು ನೋಡಿದ್ದು ಜೋರು ಸ್ಪೀಡನ್ನು.

ಫ್ಯೂಸ್ ನೋಡಿದೆ, ಸರಿ ಇತ್ತು. ಪಕ್ಕದ ಅದೇ ಥರದ ರಿಲೇ ತೆಗೆದು ಅದಲುಬದಲು ಮಾಡಿದೆ, ಟಕ್ ಅನ್ನುತ್ತದೆ, ಫ್ಯಾನ್ ಇಲ್ಲ. ಇಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಮೂರನೇ ಗ್ಯಾರೇಜಿಗೆ ಹೋದೆ. ಗ್ಯಾರೇಜ್ ಅನ್ನುವುದಕ್ಕಿಂತ ಒಬ್ಬ ಆಟೋ ಎಲೆಕ್ಟ್ರಿಷಿಯನ್‌ನ ಚಿಕ್ಕ ಅಂಗಡಿ. ನೋಟ್‌ಬುಕ್ ತೋರಿಸಿದೆ. ಓದಿ ನಕ್ಕು, "ಅರ್ಧ ಕೆಲ್ಸ ನೀವೇ ಮಾಡ್ಕೊಂಡ್ ಬಂದಿದೀರಲ್ಲ ಸಾರ್" ಅಂದರು. ಫ್ಯಾನಿನ ಚೌಕಟ್ಟಿನ ಮೇಲೆ ಕೂತಿರುವ ಕರೆಂಟನ್ನು ತಗ್ಗಿಸುವ ಬೆರಳುದ್ದದ ಒಂದು ರೆಸಿಸ್ಟರ್ ತೋರಿಸಿದರು. ನಿಧಾನದ ಸ್ಪೀಡಿಗೆ ಕರೆಂಟು ಅದರ ಮೂಲಕ ಹೋಗುತ್ತದೆ, ಜೋರಿಗೆ ನೇರವಾಗಿ. ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕಿದ್ದ ಕಡೆ ಮೀಟರ್ ಏನೂ ತೋರಿಸಲಿಲ್ಲ. ಒಳಗೆ ತುಂಡಾಗಿತ್ತು.

ಬಿಡಿಯಾಗಿ ಆ ಸಾಮಾನು ಸಿಗುವುದಿಲ್ಲ, ಮೋಟರ್ ಸಮೇತ ಇಡೀ ಫ್ಯಾನ್ ತೆಗೆದುಕೊಳ್ಳಬೇಕು ಅಂತ ಒಂದು ಕಡೆ ಹೇಳಿದರು. ಬೆಲೆ ಕೇಳಿ ಫೋನಿಟ್ಟೆ. ರೆಸಿಸ್ಟರಿನ ಮೇಲೆ ಅಚ್ಚಾದ ಪಾರ್ಟ್ ನಂಬರ್ ಹಿಡಿದು ಹುಡುಕಿದರೆ ಬಿಡಿಯಾಗಿಯೇ ಸಿಕ್ಕಿತು, ಒಂಬತ್ತು ದಿನ ಕಾಯಬೇಕಾಯಿತು. ಹಾಕಲು ಇಪ್ಪತ್ತು ನಿಮಿಷ. ಕಾಯುವಾಗ ಬಿಡುವಿತ್ತಲ್ಲ, ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಹಿಡಿದು ನೋಡಿದೆ. ಹತ್ತಿಯಂಥ ಧೂಳಿನ ಕಂಬಳಿ, ಸತ್ತ ಹುಳ, ಒಣಗಿದ ಎಲೆ. ಎಂಜಿನ್ ಕಡೆಯಿಂದ ಹೊರಗೆ ಬರುವ ಹಾಗೆ ಮೆಲ್ಲನೆ ನೀರು ಬಿಟ್ಟು ತೊಳೆದೆ. ಜೋರು ಪ್ರೆಶರ್ ವಾಶ್ ಹಿಡಿದರೆ ಆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ, ಇದ್ದ ಗಾಳಿಯೂ ಹೋಗುತ್ತದೆ.

ರೆಸಿಸ್ಟರ್ ಹಾಕಿದ ಮೇಲೆ ಸಿಗ್ನಲ್ಲಿನಲ್ಲಿ ಎಷ್ಟು ಹೊತ್ತು ನಿಂತರೂ 98 ದಾಟಲಿಲ್ಲ. ಎಸಿ ತಣ್ಣಗೆ. ಕಥೆ ಇಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಆದರೆ ನೀರು ಎಲ್ಲಿಗೆ ಹೋಗುತ್ತಿತ್ತು ಅನ್ನುವುದಕ್ಕೆ ಉತ್ತರ ಸಿಕ್ಕಿರಲಿಲ್ಲ. ಡಬ್ಬಿಯ ಮೇಲೆ ಟೇಪಿನಿಂದ ಗುರುತು ಮಾಡಿ ಒಂದು ಸಣ್ಣ ಏರು ಹತ್ತಿಸಿ ಬಂದೆ. ಡಬ್ಬಿಯಲ್ಲಿ ನೀರು ಗುರುತಿಗಿಂತ ನಾಲ್ಕು ಬೆರಳು ಮೇಲೆ ಬಂದಿತ್ತು. ಬಿಸಿಗೆ ಹಿಗ್ಗಿ ಬರುವುದು ಸಹಜ, ತಣ್ಣಗಾದ ಮೇಲೆ ವಾಪಸ್ ಹೋಗಬೇಕು. ಬೆಳಿಗ್ಗೆ ನೋಡಿದರೆ ಅಷ್ಟೇ ಇದೆ. ಮೇಲಿನ ಹೋಸ್ ಮಾತ್ರ ಯಾರೋ ಹೀರಿದ ಹಾಗೆ ಚಪ್ಪಟೆಯಾಗಿತ್ತು.

ಆಗ ಹೊಳೆಯಿತು. ಮುಚ್ಚಳ. ರೇಡಿಯೇಟರ್ ಮುಚ್ಚಳ ಅಂದರೆ ಬರೀ ಮುಚ್ಚಳ ಅಲ್ಲ, ಅದರಲ್ಲಿ ಎರಡು ವಾಲ್ವ್ ಇವೆ. ಒಂದು ಸ್ಪ್ರಿಂಗ್ ಒತ್ತಡ ಹಿಡಿದಿಡುತ್ತದೆ, ಮಿತಿ ಮೀರಿದರೆ ಮಾತ್ರ ಡಬ್ಬಿಗೆ ಬಿಡುತ್ತದೆ. ಇನ್ನೊಂದು, ಎಂಜಿನ್ ತಣ್ಣಗಾಗುವಾಗ ಡಬ್ಬಿಯಿಂದ ನೀರನ್ನು ವಾಪಸ್ ಒಳಗೆ ಬಿಡುತ್ತದೆ. ನನ್ನ ಮುಚ್ಚಳದ ಮೇಲೆ 1.1 ಅಂತ ಬರೆದಿತ್ತು, ಅಂದರೆ 1.1 ಬಾರ್. ಅರ್ಧಕ್ಕರ್ಧ ಕೂಲೆಂಟ್ ಬೆರೆಸಿದ ನೀರು ತೆರೆದ ಪಾತ್ರೆಯಲ್ಲಿ 107 ಡಿಗ್ರಿ ಆಸುಪಾಸಿನಲ್ಲಿ ಕುದಿಯುತ್ತದೆ, ಇಷ್ಟು ಒತ್ತಡದಲ್ಲಿ 130ರ ಹತ್ತಿರದ ತನಕ ತಡೆದುಕೊಳ್ಳುತ್ತದೆ. ಎಲೆಕ್ಟ್ರಿಷಿಯನ್ ಅಂಗಡಿ ಪಕ್ಕದವರ ಹತ್ತಿರ ಮುಚ್ಚಳ ಪರೀಕ್ಷಿಸುವ ಅಡಾಪ್ಟರ್ ಇತ್ತು. ಪಂಪಿಗೆ ಕೂರಿಸಿ ಒತ್ತಿದರೆ 0.3ಕ್ಕೇ ಬಿಟ್ಟುಬಿಟ್ಟಿತು. ವಾಪಸ್ ಬಿಡುವ ಪುಟ್ಟ ವಾಲ್ವ್ ಬಿಳಿ ಕಿಟ್ಟ ಕಟ್ಟಿ ಅಂಟಿಕೊಂಡಿತ್ತು.

ಎರಡನೇ ಗ್ಯಾರೇಜಿನ ಪ್ರೆಶರ್ ಟೆಸ್ಟಿನಲ್ಲಿ ಯಾಕೆ ಸಿಗಲಿಲ್ಲ? ಪಂಪ್ ಕೂರಿಸುವುದೇ ಮುಚ್ಚಳ ತೆಗೆದು, ಮುಚ್ಚಳದ ಜಾಗದಲ್ಲಿ! ಕಳ್ಳನನ್ನು ಹೊರಗೆ ಕೂರಿಸಿ ಮನೆಯೆಲ್ಲ ಹುಡುಕಿದ ಹಾಗೆ. ನೀವು ಪ್ರೆಶರ್ ಟೆಸ್ಟ್ ಮಾಡಿಸಿದರೆ ಮುಚ್ಚಳವನ್ನೂ ಬೇರೆಯಾಗಿ ಪರೀಕ್ಷಿಸಿ ಅಂತ ಕೇಳಿ. ಕೆಲವು ಕಾರುಗಳಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇರುವುದಿಲ್ಲ, ಒತ್ತಡ ಹಿಡಿಯುವ ಮುಚ್ಚಳ ಪ್ಲಾಸ್ಟಿಕ್ ಡಬ್ಬಿಯ ಮೇಲೇ ಇರುತ್ತದೆ. ಅದೂ ಇದೇ ಕೆಲಸ ಮಾಡುವುದು.

ಮೂರನೇ ಪಾಲುದಾರ ನಾನೇ. ನಲ್ಲಿ ನೀರು ಸುರಿದೂ ಸುರಿದೂ ಕೂಲೆಂಟನ್ನು ತಿಳಿಸಾರು ಮಾಡಿಟ್ಟಿದ್ದೆ. ಅಳೆದು ನೋಡಿದರೆ ನಾಲ್ಕರಲ್ಲಿ ಒಂದು ಭಾಗವೂ ಕೂಲೆಂಟ್ ಇರಲಿಲ್ಲ. ತೆಳು ನೀರು, ಒತ್ತಡ ಹಿಡಿಯದ ಮುಚ್ಚಳ, 104ರ ತನಕ ತಿರುಗದ ಫ್ಯಾನ್. ಕುದಿಯದೆ ಇನ್ನೇನು? ಕುದಿದದ್ದು ಡಬ್ಬಿಗೆ ನುಗ್ಗಿ, ಡಬ್ಬಿ ತುಂಬಿ ರಸ್ತೆಯಲ್ಲಿ ಚೆಲ್ಲಿ ಆರಿಹೋಗುತ್ತಿತ್ತು. ವಾಪಸ್ ಬರುವ ದಾರಿ ಮುಚ್ಚಿತ್ತು, ಒಳಗೆ ಗಾಳಿ ಸೇರುತ್ತಿತ್ತು. ಆ ಗಾಳಿಯಿಂದಲೇ ಏರುದಾರಿಯಲ್ಲಿ ಕೈ ಕೊಟ್ಟಿದ್ದು. ಮೊದಲ ದಿನ ಡಬ್ಬಿ ತುಂಬಿ ರೇಡಿಯೇಟರ್ ಖಾಲಿ ಇದ್ದದ್ದು ನೆನಪಿದೆಯಾ? ಅದೇ ಇದು.

ಮುಚ್ಚಳ ಬದಲಾಯಿಸಿದೆ, ಅದರ ಬೆಲೆ ಇಡೀ ಪಟ್ಟಿಯಲ್ಲೇ ಅತಿ ಕಡಿಮೆ. ಅದರ ಮೇಲಿನ ಸಂಖ್ಯೆ ಹಳೆಯದಕ್ಕೆ ಸಮ ಇರಲಿ, ಜಾಸ್ತಿ ಇದ್ದರೆ ಒಳ್ಳೆಯದು ಅಂತ ದೊಡ್ಡದು ತರಬೇಡಿ. ಕೂಲೆಂಟ್ ಪೂರ್ತಿ ತೆಗೆಸಿ, ಡಿಸ್ಟಿಲ್ಡ್ ವಾಟರಿನಿಂದ ಎರಡು ಸಲ ತೊಳೆಸಿದೆ. ಇಲ್ಲಿ ಒಂದು ಲೆಕ್ಕ ತಪ್ಪಿಸಿಕೊಳ್ಳಬೇಡಿ. ನನ್ನ ಎಂಜಿನ್ನಿಗೆ 6 ಲೀಟರ್ ಹಿಡಿಯುತ್ತದೆ, ಕೆಳಗಿನಿಂದ ಬಿಟ್ಟರೆ 4 ಮಾತ್ರ ಹೊರಗೆ ಬಂತು. ಉಳಿದ 2 ಲೀಟರ್ ತೊಳೆದ ನೀರು ಒಳಗೇ ಇರುತ್ತದೆ. ಅದಕ್ಕೆ ಆಗಲೇ ನೀರು ಬೆರೆಸಿದ ಕೂಲೆಂಟ್ ಹಾಕಿದರೆ ಮತ್ತೆ ತೆಳುವೇ. ಮೊದಲು 3 ಲೀಟರ್ ಗಟ್ಟಿ, ಅಂದರೆ ನೀರು ಬೆರೆಸದ, ಕೂಲೆಂಟ್ ಹಾಕಿ, ಉಳಿದದ್ದಕ್ಕೆ ಡಿಸ್ಟಿಲ್ಡ್ ವಾಟರ್ ತುಂಬಿಸಬೇಕು. ಬಣ್ಣ ನೋಡಿ ಕೂಲೆಂಟ್ ಕೊಳ್ಳಬೇಡಿ, ಬಣ್ಣಕ್ಕೆ ಯಾವ ನಿಯಮವೂ ಇಲ್ಲ, ಕಾರಿನ ಪುಸ್ತಕದಲ್ಲಿ ಬರೆದ ಜಾತಿಯೇ ನೋಡಿ. ತೆಗೆದ ಹಳೆಯದನ್ನು ಬಯಲಿನಲ್ಲಿ ಚೆಲ್ಲಬೇಡಿ, ರುಚಿ ಸಿಹಿ ಇರುವುದರಿಂದ ನಾಯಿ, ಬೆಕ್ಕು ನೆಕ್ಕುತ್ತವೆ, ಅದು ವಿಷ.

ತುಂಬಿಸುವಾಗ ಏರ್ ಲಾಕ್, ಅಂದರೆ ಒಳಗೆ ಸಿಕ್ಕಿಬಿದ್ದ ಗಾಳಿ, ಉಳಿಯದ ಹಾಗೆ ಕಾರಿನ ಮೂತಿ ಸ್ವಲ್ಪ ಎತ್ತರದಲ್ಲಿ ನಿಲ್ಲಿಸಿ, ಹೀಟರ್ ಬಿಸಿಗೆ ತಿರುಗಿಸಿ, ಬಾಯಿಗೆ ಆಲಿಕೆ ಇಟ್ಟು, ಹೋಸ್‌ಗಳನ್ನು ಅದುಮುತ್ತಾ ಫ್ಯಾನ್ ಎರಡು ಸಲ ಬಂದು ಹೋಗುವ ತನಕ ಓಡಿಸಿದೆವು. ಮಾರನೇ ಬೆಳಿಗ್ಗೆ ತಣ್ಣಗಿದ್ದಾಗ ಒಂದು ಬೆರಳು ಇಳಿದಿತ್ತು, ತುಂಬಿಸಿದೆ. ಆಮೇಲೆ ಇಳಿದಿಲ್ಲ.

ನಡುವೆ ಬಂದ ಎರಡು ಸಲಹೆಗಳನ್ನೂ ಹೇಳಿಬಿಡುತ್ತೇನೆ. ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಓಡಿಸಿ ಅಂತ ಒಬ್ಬರು. ಹಾಗೆ ಮಾಡಿದರೆ ಎಂಜಿನ್ ಸರಿಯಾಗಿ ಬಿಸಿಯೇ ಆಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಲೀಕ್ ನಿಲ್ಲಿಸುವ ಪುಡಿ ಹಾಕಿ ಅಂತ ಇನ್ನೊಬ್ಬರು. ಆ ಪುಡಿಗೆ ಲೀಕಿನ ತೂತು ಯಾವುದು, ರೇಡಿಯೇಟರಿನ ಸಣ್ಣ ಕೊಳವೆ ಯಾವುದು ಅಂತ ಗೊತ್ತಾಗುವುದಿಲ್ಲ. ನನಗೆ ಲೀಕೇ ಇರಲಿಲ್ಲ, ಹಾಕಿದ್ದರೆ ಹೊಸ ರೋಗ ಬರುತ್ತಿತ್ತು.

ಹೋದ ಭಾನುವಾರ ಅದೇ ಏರುದಾರಿ, ಅದೇ ನಾಲ್ಕು ಜನ, ಅದೇ ಎಸಿ. ಹೆಂಡತಿ ಫೋನ್ ಹಿಡಿದುಕೊಂಡು ಸಂಖ್ಯೆ ಓದುತ್ತಿದ್ದಳು: 93, 95, 99, 97. ತುದಿ ತಲುಪಿದಾಗ ಅಂಗೈ ಬೆವರಿದ್ದು ನನಗೆ ಮಾತ್ರ.

ಮನೆಗೆ ಬಂದ ಮೇಲೆ ಡಿಕ್ಕಿಯಲ್ಲಿದ್ದ ಹಳೇ ಥರ್ಮೋಸ್ಟಾಟ್ ನೆನಪಾಯಿತು. ಕೆಲಸಕ್ಕೆ ಬಾರದ ಒಂದು ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ಒಲೆ ಹಚ್ಚಿದೆ. ಅದರ ಮೇಲೆ 82 ಅಂತ ಅಚ್ಚಾಗಿತ್ತು. 83ಕ್ಕೆ ಸರಿಯಾಗಿ ಬಾಯಿ ಬಿಟ್ಟಿತು, 95ರ ಹೊತ್ತಿಗೆ ಪೂರ್ತಿ ತೆರೆದುಕೊಂಡಿತು, ಒಲೆ ಆರಿಸಿದ ಮೇಲೆ ಮೆಲ್ಲಗೆ ಮುಚ್ಚಿಕೊಂಡಿತು. ಒರೆಸಿ, ಮತ್ತೆ ಡಿಕ್ಕಿಯಲ್ಲೇ ಇಟ್ಟಿದ್ದೇನೆ.